ಅಣೆಕಟ್ಟಿನ ನೀರಿನ ಮಟ್ಟ ನಂಬಬಹುದು, ವಾರ್ತೆಯನ್ನು?

ತಮಿಳುನಾಡಿನ ಥೇಣಿ, ಕಂಬಂ, ಬೋಡಿ ಕಡೆಗೆ ಏಲಕ್ಕಿ, ದ್ರಾಕ್ಷಿ, ಬಾಳೆಕಾಯಿ ವ್ಯಾಪಾರಕ್ಕೆ ಹೋಗಿ ಬಂದವರಿಗೆ ಕೊಡೈ ಎಫ್‌ಎಂ ಗೊತ್ತಿರುತ್ತದೆ. 100.5 ಮೆಗಾಹರ್ಟ್ಸ್. ಲಾರಿ ಡ್ರೈವರ್, ಟೀ ಅಂಗಡಿ, ಗೋಡೌನ್, ಕೊನೆಗೆ ತೋಟದ ಜೀಪಿನಲ್ಲೂ ಅದೇ. ಇದು ಖಾಸಗಿ ಕಂಪೆನಿಯದ್ದಲ್ಲ, ಆಕಾಶವಾಣಿಯದ್ದು. ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್‌ನಲ್ಲಿ, ಸುಮಾರು 7,000 ಅಡಿ ಎತ್ತರದ ಬೆಟ್ಟದ ಮೇಲೆ ಇದರ ಟವರ್ ಇದೆ. ಎಫ್‌ಎಂ ಅಲೆಗಳು ನೇರ ದಾರಿಯಲ್ಲೇ ಹೋಗುವುದು, ಅಡ್ಡ ಬಂದ ಗುಡ್ಡವನ್ನು ಹತ್ತಿ ಇಳಿಯುವುದಿಲ್ಲ. ಅದಕ್ಕೇ ಟವರ್ ಎತ್ತರದಲ್ಲಿದ್ದಷ್ಟೂ ದೂರ ಕೇಳುತ್ತದೆ. ಬಯಲಿನ ಮದುರೈ, ದಿಂಡಿಗಲ್ ದಾಟಿ ಇನ್ನೂ ಎಷ್ಟೋ ಜಿಲ್ಲೆಗಳ ಮಂದಿ ಕೊಡೈ ನಿಲಯ ಕೇಳ್ತಾರೆ. ಬೆಟ್ಟದ ಆಚೆ ಮಗ್ಗುಲಲ್ಲಿ ಕೇರಳದ ದೇವಿಕುಳಂನಲ್ಲೂ ಆಕಾಶವಾಣಿಯ ನಿಲಯವಿದೆ, ಅದು ಮಲಯಾಳಂ. ಒಂದೇ ಸಂಸ್ಥೆ, ಒಂದೇ ಬೆಟ್ಟಸಾಲು, ಎರಡು ಭಾಷೆ.

ಹಾಡಿಗೆ, ಕೃಷಿ ಮಾಹಿತಿಗೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ವಾರ್ತೆಯ ಬಗ್ಗೆ. ಸರಕಾರದ ದುಡ್ಡಿನಲ್ಲಿ ನಡೆಯುವ ರೇಡಿಯೋ, ಟಿವಿ ಸರಕಾರದ ಬಗ್ಗೆ ಸತ್ಯ ಹೇಳುತ್ತದಾ? ಈ ಪ್ರಶ್ನೆ ದಿಲ್ಲಿಯ ಸೆಮಿನಾರಿನಲ್ಲಿ ಮಾತ್ರ ಕೇಳುವಂಥದ್ದಲ್ಲ. ಕಂಬಂ ಕಣಿವೆಯಲ್ಲಿ ಇದಕ್ಕೆ ಬಹಳ ನೇರವಾದ ಅರ್ಥ ಇದೆ, ಯಾಕೆಂದರೆ ಅಲ್ಲಿನ ಅನ್ನ ನೀರು ಮುಲ್ಲಪೆರಿಯಾರ್ ಅಣೆಕಟ್ಟಿನ ಮೇಲೆ ನಿಂತಿದೆ.

1895ರಲ್ಲಿ ಮುಗಿದ ಅಣೆಕಟ್ಟು ಅದು. ಇರುವುದು ಕೇರಳದ ಇಡುಕ್ಕಿಯಲ್ಲಿ, ನೀರು ಹರಿಯುವುದು ತಮಿಳುನಾಡಿಗೆ. 1886ರ 999 ವರ್ಷಗಳ ಲೀಸ್ ಅದಕ್ಕಿದೆ. ಥೇಣಿ, ದಿಂಡಿಗಲ್, ಮದುರೈ, ಶಿವಗಂಗಾ, ರಾಮನಾಥಪುರಂ ಜಿಲ್ಲೆಗಳಿಗೆ ಈ ನೀರು ಬೇಕು. ಕಟ್ಟಿಸಿದ ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಹೆಸರನ್ನು ಅಲ್ಲಿನ ರೈತರು ಮಕ್ಕಳಿಗೆ ಇಡ್ತಾರೆ. ಲೋವರ್ ಕ್ಯಾಂಪ್‌ನಲ್ಲಿ ಆತನ ಸ್ಮಾರಕವೂ ಇದೆ. ಆದರೆ ಗಡಿಯ ಆಚೆ ಅದೇ ಅಣೆಕಟ್ಟು ತಲೆ ಮೇಲೆ ತೂಗುವ ಕತ್ತಿ. 1979ರಲ್ಲಿ ಸುರಕ್ಷತೆಯ ಭಯದಿಂದ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಸುಪ್ರೀಂ ಕೋರ್ಟ್ 2006ರಲ್ಲಿ 142 ಅಡಿಗೆ ಅನುಮತಿ ಕೊಟ್ಟಿತು, ಕೇರಳ ಅದರ ವಿರುದ್ಧ ಕಾನೂನು ಮಾಡಿತು, 2014ರ ಮೇ 7ರಂದು ಸಂವಿಧಾನ ಪೀಠ ಆ ಕಾನೂನನ್ನು ರದ್ದು ಮಾಡಿ 142 ಅಡಿಯನ್ನು ಮತ್ತೆ ಎತ್ತಿ ಹಿಡಿಯಿತು.

ಇದರ ನಡುವೆ ಬಂದದ್ದು 2011ರ ನವೆಂಬರ್, ಡಿಸೆಂಬರ್. ಇಡುಕ್ಕಿಯಲ್ಲಿ ಸಣ್ಣ ಭೂಕಂಪಗಳಾದವು. ಮಲಯಾಳಂ ಚಾನೆಲ್‌ಗಳಲ್ಲಿ ಅಣೆಕಟ್ಟು ಈಗ ಒಡೆಯುತ್ತದೆ, ನಾಳೆ ಒಡೆಯುತ್ತದೆ ಎನ್ನುವ ಧಾಟಿ. ತಮಿಳು ಚಾನೆಲ್‌ಗಳಲ್ಲಿ ಗಡಿಯಾಚೆ ನಮ್ಮವರಿಗೆ ಹೊಡೀತಿದ್ದಾರೆ ಎನ್ನುವ ಧಾಟಿ. ಕಂಬಂ, ಗೂಡಲೂರಿನಿಂದ ಸಾವಿರಾರು ಮಂದಿ ಕುಮಳಿ ಗಡಿಯ ಕಡೆ ಮೆರವಣಿಗೆ ಹೊರಟರು. ರಸ್ತೆ ಬಂದ್, ನಿಷೇಧಾಜ್ಞೆ. ಏಲಕ್ಕಿ ತೋಟಗಳಿಗೆ ದಿನಾ ಜೀಪಿನಲ್ಲಿ ಹೋಗಿ ಬರುವ ತಮಿಳು ಕೂಲಿ ಹೆಂಗಸರು ಹೆದರಿ ವಾಪಸು ಬಂದರು. ತಮಿಳುನಾಡಿನಲ್ಲಿ ಮಲಯಾಳಿಗಳ ಅಂಗಡಿಗಳ ಮೇಲೆ ದಾಳಿಗಳಾದವು. ಅಂಗಡಿ ಇಟ್ಟವನಿಗೆ ಗೊತ್ತು, ಇಂಥ ದಿನಗಳಲ್ಲಿ ಬೇಕಾಗುವುದು ಭಾಷಣ ಅಲ್ಲ, ಮೂರು ಸಂಗತಿ ಅಷ್ಟೇ: ಅಣೆಕಟ್ಟಿನಲ್ಲಿ ನೀರು ಎಷ್ಟು ಅಡಿ, ಘಾಟಿ ರಸ್ತೆ ತೆರೆದಿದೆಯಾ, ನಿಜವಾಗಿ ಎಲ್ಲಿ ಏನಾಯಿತು.

ಎರಡೂ ರಾಜ್ಯಗಳಿಗೆ ಸಮಾನವಾಗಿ ಸೇರಿದ, ಎರಡೂ ಭಾಷೆಯಲ್ಲಿ ಒಂದೇ ಸಂಗತಿ ಹೇಳಬಲ್ಲ ಮಾಧ್ಯಮ ದೇಶದಲ್ಲಿ ಒಂದೇ ಇರುವುದು: ಆಕಾಶವಾಣಿ ಮತ್ತು ದೂರದರ್ಶನ. ಖಾಸಗಿಯವರಿಗೆ ಟಿಆರ್‌ಪಿ ಬೇಕು, ರಾಜ್ಯದ ಪಕ್ಷಗಳಿಗೆ ಓಟು ಬೇಕು. ಸರಕಾರಿ ಪ್ರಸಾರ ಸಂಸ್ಥೆಗೆ ಎರಡೂ ಬೇಡ ಎಂದೇ ಅದನ್ನು ಜನರ ದುಡ್ಡಿನಲ್ಲಿ ಸಾಕುವುದು.

ತಮಿಳುನಾಡಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಅಲ್ಲಿ ಚಾನೆಲ್ ನೋಡಿಯೇ ಪಕ್ಷ ಹೇಳಬಹುದು. ಸನ್ ಟಿವಿ ಡಿಎಂಕೆ ಕುಟುಂಬದ ಕಡೆಯದ್ದು, ಆ ಕುಟುಂಬದಲ್ಲಿ ಜಗಳ ಬಂದಾಗ 2007ರಲ್ಲಿ ಕಲೈಞರ್ ಟಿವಿ ಹುಟ್ಟಿತು. ಜಯಲಲಿತಾ ಕಾಲದಲ್ಲಿ ಜಯಾ ಟಿವಿ ಅಣ್ಣಾ ಡಿಎಂಕೆ ಕಡೆಯದ್ದಾಗಿತ್ತು. ಮಕ್ಕಳ್ ಟಿವಿ ಪಿಎಂಕೆಗೆ, ಕ್ಯಾಪ್ಟನ್ ಟಿವಿ ವಿಜಯಕಾಂತ್ ಪಕ್ಷಕ್ಕೆ. ಕೇಬಲ್ ತಂತಿಯೂ ಸರಕಾರದ್ದೇ: 2011ರ ಸೆಪ್ಟೆಂಬರ್‌ನಲ್ಲಿ ಜಯಲಲಿತಾ ಸರಕಾರ ಅರಸು ಕೇಬಲ್ ಅನ್ನು ಮತ್ತೆ ಶುರು ಮಾಡಿ ತಿಂಗಳಿಗೆ 70 ರೂಪಾಯಿಗೆ 90 ಚಾನೆಲ್ ಕೊಟ್ಟಿತು. ಬಡವರಿಗೆ ಲಾಭವಾಯಿತು, ಸುಳ್ಳಲ್ಲ. ಆದರೆ ಶುರುವಿನಲ್ಲಿ ಅದರಲ್ಲಿ ಸನ್ ಚಾನೆಲ್‌ಗಳೇ ಇರಲಿಲ್ಲ. 2018ರಲ್ಲಿ ಪುದಿಯ ತಲೈಮುರೈ ಚಾನೆಲ್ ಮೇಲೆ ಒಂದು ಚರ್ಚಾ ಕಾರ್ಯಕ್ರಮಕ್ಕಾಗಿ ಕೇಸು ಬಿತ್ತು, ಅದೇ ಸಮಯದಲ್ಲಿ ಅರಸು ಕೇಬಲ್‌ನಲ್ಲಿ ಅದನ್ನು ಹಿಂದಕ್ಕೆ ತಳ್ಳಿದ್ದಾರೆ ಎಂಬ ದೂರು ಬಂತು. ಹೀಗಿರುವಾಗ ಪಕ್ಷವಿಲ್ಲದ ಒಂದು ವಾರ್ತೆ ಸಿಕ್ಕಿದರೆ ಜನ ಕೇಳದೆ ಇರ್ತಾರಾ?

ಒಂದು ಕಾಲಕ್ಕೆ ಕೇಳ್ತಿದ್ದರು ಕೂಡ. ದಿಲ್ಲಿಯಿಂದ ಬರುತ್ತಿದ್ದ ತಮಿಳು ವಾರ್ತೆಯಲ್ಲಿ ಸರೋಜ್ ನಾರಾಯಣಸ್ವಾಮಿಯವರ ಧ್ವನಿ ತಮಿಳುನಾಡಿನ ಮನೆಮನೆಗೆ ಪರಿಚಿತ. 2022ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ರೇಡಿಯೋ ಕೇಳಿ ಬೆಳೆದ ತಲೆಮಾರು ಮನೆಯ ಹಿರಿಯರೊಬ್ಬರು ಹೋದಂತೆ ನೆನಪಿಸಿಕೊಂಡಿತು. ಆದರೆ ಅದೇ ಮನೆಗಳಲ್ಲಿ ರಾತ್ರಿ ಬಿಬಿಸಿ ತಮಿಳೋಸೈಯೂ ಕೇಳುತ್ತಿತ್ತು. ಶ್ರೀಲಂಕಾದ ಯುದ್ಧ, 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆ ಅಲ್ಲಿದ್ದ ದಿನಗಳು - ಇವುಗಳ ಬಗ್ಗೆ ದಿಲ್ಲಿ ಹೇಳುವುದು ಅರ್ಧ ಎಂದು ಜನರಿಗೆ ಅನಿಸಿತ್ತು. 1941ರಲ್ಲಿ ಶುರುವಾದ ಆ ರೇಡಿಯೋ ಸೇವೆ 2017ರ ಏಪ್ರಿಲ್‌ನಲ್ಲಿ ನಿಂತಿತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ತೀರಿಕೊಂಡ ಸುದ್ದಿಯನ್ನೂ ಆಕಾಶವಾಣಿ ಸಂಜೆವರೆಗೆ ಹೇಳಲಿಲ್ಲ, ಬಿಬಿಸಿ ಮಧ್ಯಾಹ್ನವೇ ಹೇಳಿತ್ತು. ಪ್ರಧಾನಿಯ ಮಗನೇ ಬಿಬಿಸಿ ಹಾಕಿ ಕೇಳಬೇಕಾಯಿತು. ಸರಕಾರಿ ರೇಡಿಯೋದ ಮೇಲೆ ಇದಕ್ಕಿಂತ ದೊಡ್ಡ ಟೀಕೆ ಬೇರೆ ಬೇಕಾ?

ಅದಕ್ಕೂ ಮೊದಲು ತುರ್ತುಪರಿಸ್ಥಿತಿ. ಕಾಂಗ್ರೆಸ್‌ನ ಕಾರ್ಯಕ್ರಮದಲ್ಲಿ ಹಾಡಲು ಒಪ್ಪಲಿಲ್ಲ ಎಂದು ಕಿಶೋರ್ ಕುಮಾರ್ ಹಾಡುಗಳನ್ನು 1976ರಲ್ಲಿ ಆಕಾಶವಾಣಿ ನಿಲ್ಲಿಸಿತು. ಅದೇ ವರ್ಷ ಜನವರಿ 31ರಂದು ತಮಿಳುನಾಡಿನ ಡಿಎಂಕೆ ಸರಕಾರ ವಜಾ ಆಯಿತು. ಜನ ರೇಡಿಯೋವನ್ನು 'ಆಲ್ ಇಂದಿರಾ ರೇಡಿಯೋ' ಎಂದು ಗೇಲಿ ಮಾಡಿದ್ದು ಆಗಲೇ.

ಈ ಅನುಭವದಿಂದಲೇ ಪ್ರಸಾರ ಭಾರತಿ ಕಾಯ್ದೆ ಬಂತು. ಸಂಸತ್ತು ಪಾಸು ಮಾಡಿದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಯಾವ ಸರಕಾರಕ್ಕೂ ಅವಸರ ಇರಲಿಲ್ಲ ಅಂತ ಕಾಣ್ತದೆ. ನಡುವೆ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಗಾಳಿಯ ಅಲೆಗಳು ಸರಕಾರದ ಆಸ್ತಿಯಲ್ಲ, ಜನರ ಆಸ್ತಿ ಎಂದಿತ್ತು. ಕಾಯ್ದೆಯ 12ನೇ ಸೆಕ್ಷನ್ ಓದಿದರೆ ಖುಷಿಯಾಗುತ್ತದೆ: ನಾಗರಿಕರಿಗೆ ಮುಕ್ತವಾಗಿ, ಸತ್ಯವಾಗಿ, ವಸ್ತುನಿಷ್ಠವಾಗಿ ಮಾಹಿತಿ ಸಿಗಬೇಕು, ವಿರುದ್ಧ ಅಭಿಪ್ರಾಯಗಳೂ ಬರಬೇಕು, ಸಂಸ್ಥೆ ತನ್ನದೇ ಸಿದ್ಧಾಂತ ಸಾರಬಾರದು ಎಂಬ ಅರ್ಥ ಅದರಲ್ಲಿದೆ.

ಹಾಗಾದರೆ ತಪ್ಪುವುದು ಎಲ್ಲಿ? ವ್ಯಾಪಾರಿ ಕಣ್ಣಿನಲ್ಲಿ ನೋಡಿದರೆ ಬೇಗ ಗೊತ್ತಾಗುತ್ತದೆ, ಲೆಕ್ಕದ ಪುಸ್ತಕ ತೆಗೆದರೆ ಸಾಕು. ಪ್ರಸಾರ ಭಾರತಿಯ ಸಿಬ್ಬಂದಿ ಸಂಬಳದ ದೊಡ್ಡ ಪಾಲು ಬರುವುದು ಕೇಂದ್ರದ ಅನುದಾನದಿಂದ. ಯಂತ್ರ, ಟವರ್, ಸ್ಟುಡಿಯೋಗಳಿಗೆ 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ 2,539.61 ಕೋಟಿ ರೂಪಾಯಿಯದ್ದು. ಬ್ರಿಟನ್ನಿನಲ್ಲಿ ಟಿವಿ ಇರುವ ಮನೆಯವರು ಬಿಬಿಸಿಗೆ ಲೈಸೆನ್ಸ್ ಶುಲ್ಕ ಕಟ್ತಾರೆ, 2024ರಲ್ಲಿ ಅದು ವರ್ಷಕ್ಕೆ 169.50 ಪೌಂಡ್. ಆ ಶುಲ್ಕ ನಿಗದಿ ಮಾಡುವುದೂ ಸರಕಾರವೇ, ಬಿಬಿಸಿಯ ಮೇಲೂ ಪಕ್ಷಪಾತದ ದೂರು ಇದ್ದದ್ದೇ. ಆದರೂ ಪ್ರತಿ ತಿಂಗಳ ಸಂಬಳಕ್ಕೆ ಮಂತ್ರಿಯ ಇಲಾಖೆಯ ಬಾಗಿಲು ಕಾಯುವ ಪರಿಸ್ಥಿತಿ ಅಲ್ಲಿಲ್ಲ. ಭಾರತದಲ್ಲೂ ರೇಡಿಯೋಗೆ ಲೈಸೆನ್ಸ್ ಇತ್ತು, ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟಾಂಪ್ ಹಾಕಿಸಿಕೊಂಡದ್ದು ಹಳಬರಿಗೆ ನೆನಪಿರಬಹುದು. 1980ರ ದಶಕದಲ್ಲಿ ಅದು ಹೋಯಿತು. ಜನಕ್ಕೆ ರಗಳೆ ತಪ್ಪಿತು, ಜೊತೆಗೆ ಕೇಳುಗ ಮತ್ತು ಸಂಸ್ಥೆಯ ನಡುವಿನ ನೇರ ಲೆಕ್ಕವೂ ತಪ್ಪಿತು.

ದುಡ್ಡಿಗಿಂತ ದೊಡ್ಡದು ಮನುಷ್ಯರ ವಿಷಯ. ಆಕಾಶವಾಣಿ ಮತ್ತು ದೂರದರ್ಶನದ ಸುದ್ದಿ ವಿಭಾಗದ ಮೇಲಿನ ಹುದ್ದೆಗಳಲ್ಲಿ ಇರುವವರು ಹೆಚ್ಚಾಗಿ ಇಂಡಿಯನ್ ಇನ್ಫರ್ಮೇಶನ್ ಸರ್ವಿಸ್ ಅಧಿಕಾರಿಗಳು. ಇಂದು ವಾರ್ತೆ ಸಂಪಾದಿಸುವವರು ನಾಳೆ ಸರಕಾರದ ಪ್ರಚಾರ ಕಚೇರಿಗೆ ವರ್ಗವಾಗಬಹುದು, ನಾಡಿದ್ದು ಮಂತ್ರಿಗಳ ಪ್ರೆಸ್ ನೋಟ್ ಬರೆಯಬಹುದು. ವರ್ಗಾವಣೆ, ಬಡ್ತಿ ಎಲ್ಲ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೈಯಲ್ಲಿ. ಇಂಥವರಿಗೆ ಯಾರೂ ಫೋನ್ ಮಾಡಿ 'ಇದನ್ನು ಹಾಕಬೇಡಿ' ಅಂತ ಹೇಳಬೇಕಾಗಿಯೇ ಇಲ್ಲ. ಅವರಿಗೇ ಗೊತ್ತಿರುತ್ತದೆ.

ಹೀಗಾಗಿ ಸರಕಾರಿ ವಾರ್ತೆಯ ಪಕ್ಷಪಾತ ಹೆಚ್ಚಾಗಿ ಸುಳ್ಳಿನ ರೂಪದಲ್ಲಿ ಬರುವುದಿಲ್ಲ. ಕೂಗಾಟವೂ ಇರುವುದಿಲ್ಲ. ಬರುವುದು ಆಯ್ಕೆಯಲ್ಲಿ: ಯಾವುದು ಮೊದಲ ಸುದ್ದಿ, ಯಾವುದು ಕೊನೆಯದ್ದು, ಯಾವುದು ಇಲ್ಲವೇ ಇಲ್ಲ. ತೂಕದಲ್ಲಿ ಮೋಸ ಮಾಡದೆ, ಒಳ್ಳೆ ಕಾಯಿಯನ್ನು ಮೇಲೆ ಜೋಡಿಸಿ ಬುಟ್ಟಿ ಮಾರಿದ ಹಾಗೆ.

ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟುವುದು ಸರಿಯಲ್ಲ. 2014ರ ಏಪ್ರಿಲ್‌ನಲ್ಲಿ, ಯುಪಿಎ ಸರಕಾರ ಇರುವಾಗ, ನರೇಂದ್ರ ಮೋದಿಯವರ ದೂರದರ್ಶನ ಸಂದರ್ಶನದ ಭಾಗಗಳನ್ನು ಕತ್ತರಿಸಲಾಯಿತು. ಆಗ ಪ್ರಸಾರ ಭಾರತಿಯ ಸಿಇಒ ಆಗಿದ್ದ ಜವಾಹರ್ ಸರ್ಕಾರ್ ಸ್ವಾಯತ್ತತೆ ಸಿಕ್ಕಿಲ್ಲ ಎಂದು ಬರೆದರು. ಅದೇ ವರ್ಷ ಅಕ್ಟೋಬರ್ 3ರಂದು, ಸರಕಾರ ಬದಲಾದ ಮೇಲೆ, ಆರ್‌ಎಸ್‌ಎಸ್ ಮುಖ್ಯಸ್ಥರ ವಿಜಯದಶಮಿ ಭಾಷಣ ದೂರದರ್ಶನದಲ್ಲಿ ನೇರ ಪ್ರಸಾರವಾಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಭಾಷಣವನ್ನು ತಿದ್ದದೆ ಪ್ರಸಾರ ಮಾಡಲು ಒಪ್ಪಲಿಲ್ಲ. 2020ರಲ್ಲಿ ಪಿಟಿಐ, ಯುಎನ್‌ಐ ಸುದ್ದಿಸಂಸ್ಥೆಗಳ ಚಂದಾ ನಿಲ್ಲಿಸಿ, 2023ರಲ್ಲಿ ಸಂಘ ಪರಿವಾರಕ್ಕೆ ಹತ್ತಿರದ ಹಿಂದೂಸ್ಥಾನ್ ಸಮಾಚಾರ್ ಜೊತೆ ಒಪ್ಪಂದವಾಯಿತು. ಕಚ್ಚಾ ಮಾಲು ಬರುವ ಅಂಗಡಿಯೇ ಬದಲಾದರೆ ಸರಕು ಹಿಂದಿನ ಹಾಗೇ ಇರುವುದು ಹೇಗೆ?

ಮುಸ್ಲಿಂ ಓದುಗರು ಗಮನಿಸಬೇಕಾದ ಘಟನೆ 2024ರ ಮೇ ತಿಂಗಳದ್ದು. ಚುನಾವಣೆ ಸಮಯದಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿ, ದೂರದರ್ಶನದಲ್ಲಿ ಉಚಿತ ಸಮಯ ಕೊಡುವ ಕ್ರಮ 1998ರಿಂದ ಇದೆ. ಭಾಷಣದ ಪ್ರತಿ ಮೊದಲೇ ಕೊಡಬೇಕು. ಸಿಪಿಎಂನ ಸೀತಾರಾಮ್ ಯೆಚೂರಿಯವರ ಭಾಷಣದಿಂದ 'ಕೋಮುವಾದಿ ಸರ್ವಾಧಿಕಾರಿ ಆಡಳಿತ' ಎಂಬರ್ಥದ ಮಾತು, 'ಕರಾಳ ಕಾನೂನು' ಎಂಬ ಮಾತು ತೆಗೆಸಿದರು. ಫಾರ್ವರ್ಡ್ ಬ್ಲಾಕ್‌ನ ಜಿ. ದೇವರಾಜನ್ ಅವರು ಪೌರತ್ವ ತಿದ್ದುಪಡಿ ಕಾಯ್ದೆಯ ತಾರತಮ್ಯದ ಬಗ್ಗೆ ಹೇಳುವಾಗ ಬಳಸಿದ 'ಮುಸ್ಲಿಂ' ಎಂಬ ಶಬ್ದವನ್ನು ಬಿಡಲು ಹೇಳಿದರು. ಚುನಾವಣಾ ಆಯೋಗದ ಮಾರ್ಗಸೂಚಿ ಪಾಲಿಸಿದ್ದೇವೆ, ಬೇರೆ ಪಕ್ಷದವರಿಗೂ ಹೀಗೇ ಹೇಳಿದ್ದೇವೆ ಎಂಬುದು ಸಂಸ್ಥೆಯ ಉತ್ತರ. ಮಾರ್ಗಸೂಚಿ ಇರ್ಲಿ. ಕಾಯ್ದೆಯಿಂದ ಹೊರಗಿಟ್ಟವರ ಹೆಸರನ್ನೇ ಹೇಳದೆ ಆ ಕಾಯ್ದೆಯನ್ನು ಟೀಕಿಸುವುದು ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಉತ್ತಮಪಾಳಯಂ, ಕಂಬಂ ಕಡೆಯ ರಾವುತ್ತರ್ ಮುಸ್ಲಿಮರು ಮಾತಾಡುವುದು ತಮಿಳು, ಮಂಗಳೂರಿನವರು ಬ್ಯಾರಿ ಭಾಷೆ. ಆದರೆ ರೇಡಿಯೋದಲ್ಲಿ ತಮ್ಮ ಹೆಸರು ಎತ್ತಬಾರದು ಎಂದರೆ ಇಬ್ಬರಿಗೂ ಆಗುವ ನೋವು ಒಂದೇ.

ತಮಿಳುನಾಡಿನಲ್ಲಿ ಭಾಷೆಯ ಗಾಯವೂ ಸೇರಿಕೊಳ್ಳುತ್ತದೆ. 2023ರಲ್ಲಿ 'ಆಲ್ ಇಂಡಿಯಾ ರೇಡಿಯೋ' ಬಿಟ್ಟು ಎಲ್ಲ ಕಡೆ 'ಆಕಾಶವಾಣಿ' ಎನ್ನಬೇಕು ಎಂದಾಗ ಅಲ್ಲಿ ವಿರೋಧ ಬಂತು. ಕನ್ನಡಿಗರಿಗೆ ಇದು ವಿಚಿತ್ರ ಎನಿಸಬಹುದು, ಯಾಕೆಂದರೆ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದ ನಿಲಯದ ಹೆಸರು ಅದು. ತಮಿಳರ ಕಿವಿಗೆ ಮಾತ್ರ ಅದು ದಿಲ್ಲಿಯ ಹಿಂದಿ. 2024ರ ಜನವರಿಯಲ್ಲಿ 'ಪೊದಿಗೈ' ಎಂಬ ಬೆಟ್ಟದ ಹೆಸರು ಹೋಗಿ 'ಡಿಡಿ ತಮಿಳ್' ಬಂತು, ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲಾಂಛನ ಕೇಸರಿ ಬಣ್ಣಕ್ಕೆ ತಿರುಗಿತು. ಅಕ್ಟೋಬರ್ 18ರಂದು ಚೆನ್ನೈ ದೂರದರ್ಶನದ ಸಮಾರಂಭದಲ್ಲಿ ರಾಜ್ಯಪಾಲರ ಎದುರೇ ನಾಡಗೀತೆ ಹಾಡುವಾಗ 'ದ್ರಾವಿಡ' ಶಬ್ದವಿದ್ದ ಸಾಲು ಬಿಟ್ಟುಹೋಯಿತು. ಹಾಡುವವರ ಗಮನ ತಪ್ಪಿತು ಎಂದು ಡಿಡಿ ತಮಿಳ್ ಕ್ಷಮೆ ಕೇಳಿತು. ಕ್ಷಮೆ ನಿಜವೇ ಇರಬಹುದು. ನಂಬಿಕೆ ಇದ್ದಿದ್ದರೆ ಜನ ಅದನ್ನು ಕೈತಪ್ಪು ಅಂತಲೇ ತಗೊಳ್ತಿದ್ದರು.

ಕಣಿವೆಯಲ್ಲಿ ತಲೆಮಾರುಗಳಿಂದ ಇರುವ ಕನ್ನಡ ಮನೆಮಾತಿನ ಕಪ್ಪಿಲಿಯರ ಭಾಷೆಯಂತೂ ಈ ಜಗಳದಲ್ಲಿ ಎಲ್ಲೂ ಇಲ್ಲ, ಅವರು ಕೇಳುವುದೂ ತಮಿಳು ವಾರ್ತೆಯೇ.

ಇಷ್ಟಾದರೂ ಆಕ್ಸ್‌ಫರ್ಡಿನ ರಾಯಿಟರ್ಸ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಭಾರತದ ಹೆಚ್ಚು ನಂಬಿಕೆಯ ಹೆಸರುಗಳ ಸಾಲಿನಲ್ಲಿ ಆಕಾಶವಾಣಿ, ಡಿಡಿ ಬರುತ್ತವೆ. ಆ ಸಮೀಕ್ಷೆ ಇಂಗ್ಲಿಷ್ ಬಲ್ಲ, ಇಂಟರ್ನೆಟ್ ಬಳಸುವವರದ್ದು, ಕಂಬಂ ರೈತನದ್ದಲ್ಲ. ಹಾಗಿದ್ದರೂ ಕಾರಣ ಊಹಿಸಬಹುದು. ಖಾಸಗಿ ಚಾನೆಲ್‌ಗಳ ಗಲಾಟೆಯ ಎದುರು ಮೆಲ್ಲಗೆ ಓದುವ ವಾರ್ತೆ ಸಭ್ಯವಾಗಿ ಕೇಳ್ತದೆ. ಹವಾಮಾನ, ಅಣೆಕಟ್ಟಿನ ಮಟ್ಟ, ಪರೀಕ್ಷೆಯ ದಿನಾಂಕ - ಇವುಗಳಲ್ಲಿ ಅದು ಜನರಿಗೆ ಮೋಸ ಮಾಡಿದ್ದು ಕಡಿಮೆ. 2014ರ ನವೆಂಬರ್‌ನಲ್ಲಿ 35 ವರ್ಷಗಳ ನಂತರ ಮುಲ್ಲಪೆರಿಯಾರ್ 142 ಅಡಿ ಮುಟ್ಟಿತು, 2021ರ ನವೆಂಬರ್ 30ರಂದು ಮತ್ತೆ ಮುಟ್ಟಿತು. ಆ ಅಂಕೆಯನ್ನು ಯಾರೂ ಅನುಮಾನಿಸುವುದಿಲ್ಲ. ಅನುಮಾನ ಶುರುವಾಗುವುದು ಅಂಕೆಯ ನಂತರದ ವಾಕ್ಯದಲ್ಲಿ.

ಇನ್ನು ರೇಡಿಯೋ ಕೇಳುಗನಿಗೆ ಬೇರೆ ಆಯ್ಕೆಯೂ ಇಲ್ಲ. ಭಾರತದಲ್ಲಿ ಖಾಸಗಿ ಎಫ್‌ಎಂ ನಿಲಯಗಳು ಸ್ವಂತ ವಾರ್ತೆ ಪ್ರಸಾರ ಮಾಡುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು, 2019ರಲ್ಲಿ ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಶುರುವಾಯಿತು. ಟಿವಿಯಲ್ಲಿ ನೂರಾರು ವಾರ್ತಾ ಚಾನೆಲ್‌ಗೆ ಲೈಸೆನ್ಸ್ ಕೊಡುವ ಸರಕಾರ ರೇಡಿಯೋದಲ್ಲಿ ಮಾತ್ರ ಒಂದೇ ಧ್ವನಿ ಸಾಕು ಅಂತದೆ. ಇದನ್ನು ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು.

ಅಂಗಡಿಯವನು ತನ್ನ ತಕ್ಕಡಿಗೆ ತಾನೇ ಸೀಲ್ ಹಾಕಿಕೊಳ್ಳುವ ಹಾಗಿಲ್ಲ, ಮಾಪನಶಾಸ್ತ್ರ ಇಲಾಖೆಯವರು ಬಂದು ನೋಡಬೇಕು. ಪ್ರಸಾರ ಭಾರತಿಗೂ ಅಂಥ ಏರ್ಪಾಡು 1990ರ ಕಾಯ್ದೆಯಲ್ಲೇ ಇತ್ತು: ಕೇಳುಗರ ದೂರು ಪರಿಶೀಲಿಸಲು ಒಂದು ಪ್ರಸಾರ ಮಂಡಳಿ, ಮೇಲ್ವಿಚಾರಣೆಗೆ ಸಂಸತ್ ಸದಸ್ಯರ ಒಂದು ಸಮಿತಿ. ಎರಡೂ ಕಾಗದದಲ್ಲೇ ಉಳಿದವು. 2014ರ ಜನವರಿಯಲ್ಲಿ ಸ್ಯಾಮ್ ಪಿತ್ರೋಡಾ ಸಮಿತಿ ಸಂಸ್ಥೆಗೆ ನಿಜವಾದ ಸ್ವಾಯತ್ತತೆ ಕೊಡಿ ಎಂದು ವರದಿ ಕೊಟ್ಟಿತು. ಕೆಲವೇ ತಿಂಗಳಲ್ಲಿ ಚುನಾವಣೆ ಬಂತು, ಸರಕಾರ ಬದಲಾಯಿತು. ಕೊಡೈ ಎಫ್‌ಎಂನಲ್ಲಿ ವಾರ್ತೆ ಕೇಳಿ ಸರಿ ಇಲ್ಲ ಅನಿಸಿದ ಬೋಡಿಯ ಏಲಕ್ಕಿ ವ್ಯಾಪಾರಿ ಇಂದಿಗೂ ದೂರು ಬರೆಯಬೇಕಾದದ್ದು ಆ ವಾರ್ತೆ ತಯಾರಿಸಿದ ಸಂಸ್ಥೆಗೆ, ಇಲ್ಲದಿದ್ದರೆ ಅದಕ್ಕೆ ಸಂಬಳ ಕೊಡುವ ಸಚಿವಾಲಯಕ್ಕೆ.