ಬೀಟಲ್ ಕಾರಿನ ಹೀಟರ್: ನಂಬಿಕೆ ಎಷ್ಟು, ನಿಜ ಎಷ್ಟು?

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಹೀಟರ್ ಹುಟ್ಟಿನಿಂದಲೇ ಕೆಲಸಕ್ಕೆ ಬಾರದ್ದು ಎಂಬ ಮಾತನ್ನು ಹಳೆ ಕಾರುಗಳ ಪ್ರೇಮಿಗಳು ಕೂಡ ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿದ್ದಾರೆ. ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ, ಇನ್ನು ಬಿಸಿ ಎಲ್ಲಿಂದ ಬರಬೇಕು ಎನ್ನುವುದು ಅವರ ವಾದ. ಆದರೆ ಜರ್ಮನಿ, ಸ್ವೀಡನ್, ಕೆನಡಾಗಳ ಹಿಮದಲ್ಲಿ ಜನ ದಶಕಗಟ್ಟಲೆ ಓಡಿಸಿದ ಕಾರು ಇದು. ಇಂದು ಇದರ ಹೀಟರ್ ತಣ್ಣಗಿದ್ದರೆ ಕಾರಣ ಬಹುಪಾಲು ತುಕ್ಕು, ಹರಿದ ಕೊಳವೆ, ಎಂದೋ ಕಳೆದುಹೋದ ರಬ್ಬರ್ ಸೀಲು. ಇವೆಲ್ಲ ರಿಪೇರಿಯಾಗುವಂಥವೇ.

ಬಿಸಿ ಎಲ್ಲಿಂದ ಬರುತ್ತದೆಂದು ತಿಳಿದರೆ ಅರ್ಧ ರಿಪೇರಿ ಆದಂತೆ. ಎಂಜಿನ್ ಇರುವುದು ಕಾರಿನ ಹಿಂಭಾಗದಲ್ಲಿ. ಡೈನಮೋ ಜೊತೆ ತಿರುಗುವ ಫ್ಯಾನ್ ಗಾಳಿಯನ್ನು ಸಿಲಿಂಡರ್‌ಗಳ ಮೇಲೆ ತಳ್ಳುತ್ತದೆ. 1963ರ ಮಾದರಿಯಿಂದೀಚಿನ ಕಾರುಗಳಲ್ಲಿ ಅದೇ ಫ್ಯಾನಿನ ಗಾಳಿಯ ಒಂದು ಪಾಲು ಎರಡು ಕೊಳವೆಗಳ ಮೂಲಕ ಕೆಳಗಿನ ಹೀಟರ್ ಬಾಕ್ಸ್‌ಗಳಿಗೆ ಇಳಿಯುತ್ತದೆ. ಬಾಕ್ಸ್‌ನೊಳಗೆ ಎಕ್ಸಾಸ್ಟ್ ಪೈಪು, ಪೈಪಿನ ಸುತ್ತ ಅಲ್ಯೂಮಿನಿಯಂ ರೆಕ್ಕೆಗಳು. ಅಲ್ಲಿ ಕಾದ ಗಾಳಿ ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿಗಳಲ್ಲಿ ಸಾಗಿ ಕಾಲ ಬಳಿಗೂ ಮುಂದಿನ ಗಾಜಿಗೂ ತಲುಪುತ್ತದೆ. ಹಿಂದಿನ ಎಂಜಿನ್ನಿನಿಂದ ಮುಂದಿನ ಗಾಜಿನವರೆಗೆ ಇಷ್ಟುದ್ದದ ದಾರಿಯಲ್ಲಿ ಎಲ್ಲಿ ಸೋರಿದರೂ ಸಿಗಬೇಕಾದ ಬಿಸಿ ಸಿಗುವುದಿಲ್ಲ.

ಇಲ್ಲಿಯೇ ಎರಡನೆಯ ತಪ್ಪು ತಿಳಿವಳಿಕೆ ಸೇರಿಕೊಳ್ಳುತ್ತದೆ. ಬೀಟಲ್ ಹೀಟರ್ ಎಂದರೆ ಸಿಲಿಂಡರ್ ಮೇಲೆ ಹಾದು ಬಂದ ಎಣ್ಣೆ ವಾಸನೆಯ ಗಾಳಿ ಎಂದು ಹಲವರು ಹೇಳುತ್ತಾರೆ. 1962ರವರೆಗಿನ ಕಾರುಗಳ ಮಟ್ಟಿಗೆ ಇದು ನಿಜ. 1963ರ ಮಾದರಿಯಿಂದ ಕಂಪನಿ ಪದ್ಧತಿ ಬದಲಿಸಿತು. ಸಿಲಿಂಡರ್ ಮುಟ್ಟದ ಹೊರಗಿನ ಗಾಳಿಯೇ ಹೀಟರ್ ಬಾಕ್ಸ್‌ಗೆ ಹೋಗತೊಡಗಿತು. ಅಮೆರಿಕದ ಷೆವರ್ಲೆ ಕೊರ್ವೇರ್‌ನ ಕಥೆ ಬೇರೆ. 1961ರ ಮಾದರಿಯಿಂದ ಅದು ಎಂಜಿನ್ ಮೇಲೆ ಹಾದ ಗಾಳಿಯನ್ನೇ ಒಳಗೆ ಕಳಿಸುತ್ತಿತ್ತು. ಪುಷ್‌ರಾಡ್ ಕೊಳವೆಗಳ ರಬ್ಬರ್ ರಿಂಗ್ ಗಟ್ಟಿಯಾಗಿ ಎಣ್ಣೆ ಒಸರಿದರೆ ಹೊಗೆವಾಸನೆ ಸೀದಾ ಕುಳಿತವರ ಮೂಗಿಗೆ. 1963ರ ನಂತರದ ಬೀಟಲ್‌ನಲ್ಲಿ ಎಣ್ಣೆ ವಾಸನೆ ಬಂದರೆ ಅದು ಸಹಜವಲ್ಲ, ಎಲ್ಲೋ ಸೀಲು ಹೋಗಿದೆ ಎಂದೇ ತಿಳಿಯಬೇಕು.

ವಾಸನೆ ಬಂದರೆ ಒಂದು ಲೆಕ್ಕದಲ್ಲಿ ಒಳ್ಳೆಯದೇ, ಎಚ್ಚರಿಕೆಯಾದರೂ ಸಿಗುತ್ತದೆ. ನಿಜವಾಗಿ ಪ್ರಾಣಕ್ಕೆ ಕುತ್ತು ತರುವ ನಂಬಿಕೆ ಇದರ ವಿರುದ್ಧದ್ದು: ವಾಸನೆ ಇಲ್ಲ, ಆದ್ದರಿಂದ ಭಯವೂ ಇಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೀಟರ್ ಬಾಕ್ಸ್‌ನೊಳಗಿನ ಎಕ್ಸಾಸ್ಟ್ ಪೈಪಿನಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿದ್ದರೂ ವಿಷ ಗಾಳಿಯೊಂದಿಗೆ ಒಳಬರುವ ದಾರಿ ತೆರೆದಂತೆ. ಬಾಕ್ಸ್‌ನ ಹೊರ ತಗಡು ತುಕ್ಕು ಹಿಡಿದರೆ ಬಿಸಿ ನಷ್ಟ ಮಾತ್ರ. ಒಳ ಪೈಪು ತೂತಾದರೆ ಹಾಗಲ್ಲ. ಹಾಗಾಗಿ ಹೊರಗಿನಿಂದ ಮಾತ್ರ ನೋಡಿ ತೀರ್ಮಾನಿಸಬಾರದು. ಬಾಕ್ಸ್ ಬಿಚ್ಚಿ, ಪೈಪಿನ ಒಂದು ಬಾಯಿ ಮುಚ್ಚಿ, ಇನ್ನೊಂದು ಬಾಯಿಂದ ಕಡಿಮೆ ಒತ್ತಡದಲ್ಲಿ ಗಾಳಿ ಬಿಟ್ಟು, ಬೆಸುಗೆಯ ಜಾಗಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಸಿಲಿಂಡರ್ ಹೆಡ್‌ಗೆ ಪೈಪು ಸೇರುವಲ್ಲಿನ ಗ್ಯಾಸ್ಕೆಟ್ ಹಳೆಯದಾಗಿದ್ದರೆ ಅದನ್ನೂ ಬದಲಿಸಬೇಕು. ರಿಪೇರಿ ಮುಗಿದ ಮೇಲೂ ಒಳಗೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡುವುದು ಅಗತ್ಯ.

ಹೊಸ ಬಾಕ್ಸ್ ತಂದು ಕೂರಿಸಿದರೆ ಮುಗಿಯಿತೇ? ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಬಾಕ್ಸ್‌ಗಳು ಹೊರಗೆ ಹೊಳೆಯುತ್ತವೆ, ಆದರೆ ಎಷ್ಟೋ ಬಾಕ್ಸ್‌ಗಳ ಒಳಗೆ ರೆಕ್ಕೆಗಳೇ ಇರುವುದಿಲ್ಲ, ಬರೀ ಪೈಪು. ಗಾಳಿಗೆ ತಾಗುವ ಬಿಸಿ ಮೈ ಕಡಿಮೆಯಾದ ಮೇಲೆ ಬಿಸಿಯೂ ಕಡಿಮೆಯೇ. ಒಳ ಪೈಪು ಗಟ್ಟಿಯಿದ್ದರೆ ಹಳೆಯ ಮೂಲ ಬಾಕ್ಸ್‌ನ ಹೊರ ತಗಡನ್ನು ವೆಲ್ಡ್ ಮಾಡಿಸಿಕೊಳ್ಳುವುದೇ ಜಾಣತನ.

ಬೆಂಗಳೂರಿನಂಥ ಊರಿನವರಿಗೂ ಒಪ್ಪಿಗೆಯಾಗುವ ಇನ್ನೊಂದು ಮಾತಿದೆ: ನಮ್ಮದು ಬಿಸಿಲ ದೇಶ, ಥರ್ಮೋಸ್ಟಾಟ್ ಕಿತ್ತರೆ ಎಂಜಿನ್ ತಂಪಾಗಿರುತ್ತದೆ. ಬಲಬದಿಯ ಸಿಲಿಂಡರ್‌ಗಳ ಕೆಳಗೆ ಕೂತ ಈ ಪುಟ್ಟ ಡಬ್ಬಿ ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹಿಗ್ಗಿ ಫ್ಯಾನ್ ಕವಚದೊಳಗಿನ ತಗಡಿನ ಹಾಳೆಗಳನ್ನು ತೆರೆಯುತ್ತದೆ. ಎಂಜಿನ್ ಕಾದ ಮೇಲೆ ಹಾಳೆಗಳು ಹೇಗೂ ಪೂರ್ತಿ ತೆರೆದಿರುತ್ತವೆ, ಆದ್ದರಿಂದ ಕಿತ್ತವರಿಗೆ ಹೆಚ್ಚಿನ ತಂಪೇನೂ ಸಿಗದು. ಸಿಗುವುದು ನಷ್ಟ: ಎಂಜಿನ್ ನಿಧಾನವಾಗಿ ಕಾಯುತ್ತದೆ, ಅಷ್ಟು ಹೊತ್ತು ಪೆಟ್ರೋಲು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ, ಹೀಟರ್ ಗಾಳಿ ತಡವಾಗಿ ಬೆಚ್ಚಗಾಗುತ್ತದೆ. ಚಳಿಯಿಲ್ಲದ ಊರಿನಲ್ಲೂ ಆ ಗಾಳಿಗೆ ಕೆಲಸವಿದೆ. ಆಷಾಢದ ಮಳೆಯಲ್ಲಿ ಮಡಿಕೇರಿ ಘಾಟಿ ಹತ್ತುವಾಗ ಗಾಜಿನ ಒಳಬದಿಯ ಮಬ್ಬು ತೆಗೆಯುವುದು ಅದೇ. ಹೀಟರ್ ಬಾಕ್ಸ್‌ಗಳನ್ನೇ ಕಿತ್ತು ಬರಿ ಪೈಪು ಹಾಕಿಸಿದವರು ಫ್ಯಾನ್ ಕವಚದ ಎರಡು ತೂತುಗಳನ್ನು ಮುಚ್ಚಲು ಮರೆತರೆ ಇನ್ನೂ ಕೆಟ್ಟದ್ದು. ಸಿಲಿಂಡರ್‌ಗೆ ಹೋಗಬೇಕಾದ ಗಾಳಿ ಅಲ್ಲಿಂದ ಹೊರಗೆ ಹರಿದುಹೋಗುತ್ತದೆ.

ಬಾಗಿಲ ಕೆಳಗಿನ ಪಟ್ಟಿಗೆ ಹಿಡಿದ ತುಕ್ಕು ಅಂದಚೆಂದದ ವಿಷಯ ಎನ್ನುವವರಿದ್ದಾರೆ. ಆ ಪಟ್ಟಿ ಗಾಳಿಯ ಕೊಳವೆಯೂ ಹೌದು, ಬಾಡಿಯ ಬೆನ್ನೆಲುಬೂ ಹೌದು. ನೆಲದ ತಗಡನ್ನು ಬಾಡಿಗೆ ಬಿಗಿಯುವ ಬೋಲ್ಟುಗಳು ಅದಕ್ಕೇ ಕಚ್ಚಿಕೊಳ್ಳುತ್ತವೆ. ಮೇಲೊಂದು ತಗಡು ಅಂಟಿಸಿ ಬಣ್ಣ ಬಳಿದರೆ ಸಾಲದು. ಕೊಳೆತದ್ದನ್ನು ಕತ್ತರಿಸಿ ಹೊಸದು ಹಾಕಬೇಕು, ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದು ಆಧಾರ ಕೊಡಬೇಕು. ಇಲ್ಲವಾದರೆ ಬಾಡಿ ಕುಸಿದು ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ.

ಎಷ್ಟೋ ಸಲ ದೋಷ ಇಷ್ಟು ದೊಡ್ಡದೂ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಪಕ್ಕದ ಲಿವರ್ ಎತ್ತಿದರೂ ಕೆಳಗೆ ಬಾಕ್ಸ್‌ನ ಮುಚ್ಚಳ ಅಲ್ಲಾಡದೆ ಉಳಿದಿರುತ್ತದೆ. ಕಾರನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಬ್ಬರು ಲಿವರ್ ಆಡಿಸುತ್ತಿದ್ದಂತೆ ಇನ್ನೊಬ್ಬರು ಕೆಳಗೆ ನೋಡಿದರೆ ಕಿತ್ತುಹೋದ ಕೇಬಲ್ಲೋ ಜಾಮ್ ಆದ ಮುಚ್ಚಳವೋ ತಕ್ಷಣ ತಿಳಿಯುತ್ತದೆ.

ಸಿಗ್ನಲ್‌ನಲ್ಲಿ ನಿಂತಾಗ ಬಿಸಿಗಾಳಿ ಕ್ಷೀಣಿಸುವುದನ್ನು ಮಾತ್ರ ದೋಷವೆಂದು ತಿಳಿಯಬೇಕಿಲ್ಲ. ಗಾಳಿ ತಳ್ಳುವ ಫ್ಯಾನ್ ಎಂಜಿನ್ ವೇಗಕ್ಕೇ ಕಟ್ಟುಬಿದ್ದಿದೆ. ಒಂದು ಗೇರ್ ಇಳಿಸಿ ಓಡಿಸಿದರೆ ಗಾಳಿ ಹೆಚ್ಚುತ್ತದೆ. ಅದೂ ಸಾಲದ ಚಳಿನಾಡುಗಳಿಗೆಂದು ಎಬರ್‌ಸ್ಪೇಖರ್ ಕಂಪನಿಯ ಪೆಟ್ರೋಲ್ ಹೀಟರ್ ಹೆಚ್ಚುವರಿ ಸಲಕರಣೆಯಾಗಿ ಸಿಗುತ್ತಿತ್ತು. ಹಳೆಯ ಕಾರಿನಲ್ಲಿ ಅದು ಉಳಿದಿದ್ದರೆ ಹಚ್ಚುವ ಮುನ್ನ ಪೆಟ್ರೋಲ್ ಕೊಳವೆ, ಉರಿಯುವ ಕೋಣೆ, ಹೊಗೆ ಕೊಳವೆ ಮೂರನ್ನೂ ಬಿಚ್ಚಿ ನೋಡಬೇಕು. ಅದರಲ್ಲೂ ಹೊಗೆಗೂ ಕುಳಿತವರು ಉಸಿರಾಡುವ ಗಾಳಿಗೂ ನಡುವೆ ಇರುವುದು ಒಂದೇ ಒಂದು ಲೋಹದ ಗೋಡೆ.