ಕಿರುತೆರೆಯ ಗ್ಯಾರೇಜಿನಲ್ಲಿ ಹಳೆಯ ಕಾರಿನ ಮರುಹುಟ್ಟು

ಗುಜರಿಗೆ ಹೋಗಬೇಕಿದ್ದ ಕಾರೊಂದು ಕಿರುತೆರೆಯ ಮೇಲೆ ಮುಕ್ಕಾಲು ಗಂಟೆಯಲ್ಲಿ ಹೊಸ ಜನ್ಮ ಪಡೆಯುತ್ತದೆ. ಮೊದಲ ದೃಶ್ಯದಲ್ಲಿ ತುಕ್ಕು ತಿಂದ ಬಾಗಿಲು, ಇಲಿ ಗೂಡು ಕಟ್ಟಿದ ಸೀಟು, ತೂತು ಬಿದ್ದ ತಳ. ಕೊನೆಯ ದೃಶ್ಯದಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬಣ್ಣ, ಗುಡುಗುವ ಎಂಜಿನ್, ಕಣ್ಣೊರೆಸಿಕೊಳ್ಳುವ ಮಾಲೀಕ. ಬಹುಪಾಲು ನೋಡುಗರಿಗೆ ಅಷ್ಟು ಸಾಕು. ಆದರೆ ಅಮೆರಿಕದಲ್ಲಿ ಇನ್ನೊಂದು ಬಗೆಯ ನೋಡುಗರಿದ್ದಾರೆ. ಅವರ ಪಾಲಿಗೆ ಕಾರ್ಯಕ್ರಮ ಮುಗಿದ ಮೇಲೆಯೇ ನಿಜವಾದ ಕೆಲಸ ಶುರು. ಆ ವರ್ಷದ ಕಾರಿಗೆ ಆ ಹಸಿರು ಬಣ್ಣ ಇತ್ತೆ? ಎಂಜಿನ್ ಅದರದೇ ಹೌದೆ? ತುಕ್ಕನ್ನು ಕತ್ತರಿಸಿ ತೆಗೆದರೋ, ಪುಟ್ಟಿ ಮೆತ್ತಿ ಮುಚ್ಚಿದರೋ? ಇಂಥ ಪ್ರಶ್ನೆಗಳ ಮೇಲೆ ದಿನಗಟ್ಟಲೆ ಚರ್ಚೆ ನಡೆಯುತ್ತದೆ; ಕೆಲವೊಮ್ಮೆ ಜಗಳವೂ ಆಗುತ್ತದೆ.

ಮೇಲುನೋಟಕ್ಕೆ ಇದು ಹವ್ಯಾಸಿಗಳ ಹಟ ಎನಿಸಬಹುದು. ಆದರೆ ಚರ್ಚೆಯ ತಿರುಳಿನಲ್ಲಿರುವುದು ಹಳೆಯ ಗುಡಿ, ಹಳೆಯ ಮನೆ, ಹಳೆಯ ಚಿತ್ರ ಎಲ್ಲಕ್ಕೂ ಅನ್ವಯಿಸುವ ಪ್ರಶ್ನೆ. ಹಳೆಯದನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು? ಅದರ ರೂಪವನ್ನೋ, ಅದರ ಮೈಯನ್ನೋ, ಅದು ಬಾಳಿದ ಬದುಕನ್ನೋ?

ಜಟ್ಟಿ ಕಾರುಗಳ ಕಾಲ

ಈ ಚರ್ಚೆಗಳ ನಾಯಕ 'ಮಸಲ್ ಕಾರ್'. ಕನ್ನಡದಲ್ಲಿ ಜಟ್ಟಿ ಕಾರು ಎನ್ನಬಹುದು. ಸಾಮಾನ್ಯ ಮಧ್ಯಮ ಗಾತ್ರದ ಕಾರಿನ ಮೈಯೊಳಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿ, ಯುವಕರ ಕೈಗೆಟುಕುವ ಬೆಲೆಗೆ ಮಾರಿದ ಕಾರು ಇದು. ಇದರ ಮೂಲಪುರುಷ 1964ರ ಪಾಂಟಿಯಾಕ್ ಜಿಟಿಓ ಎಂದು ಬಹುಮಂದಿ ಒಪ್ಪುತ್ತಾರೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲ, ಅಂದರೆ ಸುಮಾರು 5.4 ಲೀಟರಿಗಿಂತ ದೊಡ್ಡ ಎಂಜಿನ್ ಹಾಕಕೂಡದೆಂದು ಜನರಲ್ ಮೋಟಾರ್ಸ್ ಕಂಪೆನಿಯ ನಿಯಮವಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೊರಿಯನ್ ಮತ್ತು ಸಂಗಡಿಗರು ಇದಕ್ಕೊಂದು ಒಳದಾರಿ ಹುಡುಕಿದರು. 6.4 ಲೀಟರಿನ ಎಂಜಿನ್ನನ್ನು ಹೊಸ ಕಾರು ಎಂದು ಕರೆಯದೆ, ಟೆಂಪೆಸ್ಟ್ ಎಂಬ ಕಾರಿಗೆ ಸುಮಾರು 296 ಡಾಲರ್ ಹೆಚ್ಚು ತೆತ್ತರೆ ಸಿಗುವ ಸೌಲಭ್ಯ ಎಂದು ಪಟ್ಟಿಗೆ ಸೇರಿಸಿದರು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಅದೇ ಕಾಲದ ನಮ್ಮ ಅಂಬಾಸಡರ್‌ನ ಎಂಜಿನ್ ಬರಿಯ 1.5 ಲೀಟರಿನದು ಎಂಬುದನ್ನು ನೆನೆದರೆ ಆ ಕಾರಿನ ಕಸುವು ಅರಿವಾದೀತು.

ಪೈಪೋಟಿಗೆ ಷೆವ್ರೊಲೆ, ಡಾಡ್ಜ್, ಪ್ಲಿಮತ್, ಫೋರ್ಡ್ ಎಲ್ಲವೂ ಇಳಿದವು. ದೊಡ್ಡ ಎಂಜಿನ್ ಹೊತ್ತ ಮಸ್ಟಾಂಗ್‌ಗಳೂ ಈ ಗುಂಪಿಗೆ ಸೇರಿದವು. 1970ರ ಹೊತ್ತಿಗೆ ಪ್ಲಿಮತ್‌ನ 'ಹೆಮಿ ಕುಡಾ' 7 ಲೀಟರ್ ಎಂಜಿನ್ನಿನಿಂದ 425 ಅಶ್ವಶಕ್ತಿ ಹೊಮ್ಮಿಸುತ್ತಿತ್ತು. ಆದರೆ ಸಂಭ್ರಮ ಬಹುಕಾಲ ಉಳಿಯಲಿಲ್ಲ. ವಿಮಾ ಕಂಪೆನಿಗಳು ಇಂಥ ಕಾರುಗಳ ಕಂತನ್ನು ಏರಿಸಿದವು. 1970ರ ಶುದ್ಧ ಗಾಳಿ ಕಾಯಿದೆ ಹೊಗೆಗೆ ಕಡಿವಾಣ ಹಾಕಿತು. 1973ರ ತೈಲ ಬಿಕ್ಕಟ್ಟು ಪೆಟ್ರೋಲನ್ನು ದುಬಾರಿಯಾಗಿಸಿತು. ಹೀಗೆ ಹತ್ತು ವರ್ಷ ತುಂಬುವ ಮೊದಲೇ ಜಟ್ಟಿಗಳ ಕಾಲ ಮುಗಿಯಿತು. ಒಂದಷ್ಟು ಕಾರುಗಳು ಅಪಘಾತಕ್ಕೆ, ಇನ್ನೊಂದಷ್ಟು ತುಕ್ಕಿಗೆ, ಉಳಿದ ಹಲವು ಗುಜರಿಗೆ ಹೋದವು. ಹರೆಯದಲ್ಲಿ ಅವುಗಳಿಗೆ ಆಸೆಪಟ್ಟವರು ನಡುವಯಸ್ಸಿನಲ್ಲಿ ಕೈಯಲ್ಲಿ ಹಣ ಹಿಡಿದು ಹುಡುಕತೊಡಗಿದಾಗ ಬೆಲೆ ಗಗನಕ್ಕೇರಿತು.

ಕಾರಿಗೂ ಒಂದು ಜಾತಕ

ಬೆಲೆ ಏರಿದಲ್ಲಿ ನಕಲಿ ಹುಟ್ಟುವುದು ಲೋಕರೂಢಿ. 1971ರ ಹೆಮಿ ಕುಡಾಗಳ ಪೈಕಿ ಮಾಡು ಮಡಚುವ ಮಾದರಿಯವು ತಯಾರಾದದ್ದು ಒಂದು ಡಜನ್ನಿಗೆ ಮೀರದು. ಅಂಥದೊಂದು 2014ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಕೂಗಿಸಿಕೊಂಡಿತು. ಇದೇ ಮೈಕಟ್ಟಿನ ಸಾಧಾರಣ ಎಂಜಿನ್ನಿನ ಕಾರಿಗೆ ಅದರ ಚಿಕ್ಕ ಪಾಲೂ ಸಿಗದು. ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಬಣ್ಣ ಬಳಿದು, ಲಾಂಛನ ಅಂಟಿಸಿದರೆ ಹೊರಗಿನವರಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಅಭಿಮಾನಿಗಳ ವಿದ್ಯೆ ಹುಟ್ಟಿದ್ದು ಇಲ್ಲಿ. ಕಾರ್ಖಾನೆ ಪ್ರತಿ ಕಾರಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. 1960ರ ದಶಕದ ಕೊನೆಯಿಂದ ಆ ಸಂಖ್ಯೆಯ ಕೊನೆಯ ಅಂಕಿಗಳನ್ನು ಎಂಜಿನ್ ಮತ್ತು ಗೇರ್‌ಬಾಕ್ಸ್ ಮೇಲೂ ಒತ್ತತೊಡಗಿದರು. ಇವೆಲ್ಲ ಒಂದಕ್ಕೊಂದು ತಾಳೆಯಾದರೆ ಅದು 'ನಂಬರ್ಸ್ ಮ್ಯಾಚಿಂಗ್' ಕಾರು. ಜಾತಕ ಕೂಡಿದಂತೆ. ಫೋರ್ಡ್ ಕಾರುಗಳ ತಯಾರಿಕಾ ದಾಖಲೆ ಉಳಿದಿದೆ. ಕ್ರೈಸ್ಲರ್ ಕಾರುಗಳ ಸೀಟಿನ ಸ್ಪ್ರಿಂಗ್‌ಗಳ ನಡುವೆ, ಜೋಡಣೆಯ ಕೆಲಸಗಾರರು ಬಿಟ್ಟುಹೋದ ವಿವರಪಟ್ಟಿಯ ಕಾಗದ ಎಷ್ಟೋ ಸಲ ಸಿಗುತ್ತದೆ. ಇಲಿ ಕಡಿದ ಆ ಹಾಳೆಯನ್ನು ತಾಮ್ರಶಾಸನದಂತೆ ಜೋಪಾನ ಮಾಡುವವರಿದ್ದಾರೆ. ಆದರೆ 1970ರ ಷೆವೆಲ್ ಎಸ್‌ಎಸ್‌ನಂಥ ಕಾರುಗಳ ಗುರುತಿನ ಸಂಖ್ಯೆಯಲ್ಲಿ 'ಎಸ್‌ಎಸ್' ಎಂಬುದಕ್ಕೆ ಯಾವ ಸುಳಿವೂ ಇಲ್ಲ. ಅಲ್ಲಿ ಹಳೆಯ ರಶೀದಿ, ಬೋಲ್ಟು, ಬೆಸುಗೆಗಳನ್ನೇ ಓದಬೇಕು.

ಈ ಸಂಖ್ಯೆಯ ಗೌರವ ಎಷ್ಟೆಂಬುದಕ್ಕೆ ಕನ್ಸಾಸ್ ರಾಜ್ಯದ ಪ್ರಕರಣ ಸಾಕ್ಷಿ. ಅಲ್ಲಿ 2017ರಲ್ಲಿ 1959ರ ಕಾರ್ವೆಟ್ ಒಂದನ್ನು ಪೊಲೀಸರು ವಶಪಡಿಸಿಕೊಂಡರು. ಹಿಂದೆ ದುರಸ್ತಿ ಮಾಡಿದ್ದವರು ಸಂಖ್ಯೆಯ ಫಲಕವನ್ನು ಬಿಚ್ಚಿ ಮತ್ತೆ ಕೂರಿಸಿದ್ದರೆಂಬುದೇ ಅದಕ್ಕೆ ಕಾರಣ. ಕೊಂಡಿದ್ದ ಮಾಲೀಕ ತಪ್ಪು ಮಾಡಿರಲಿಲ್ಲ. ಆದರೂ ಕಾರು ವರ್ಷಗಟ್ಟಲೆ ಅವನ ಕೈ ತಪ್ಪಿತು. 2022ರಲ್ಲಿ ರಾಜ್ಯವು ಕಾನೂನನ್ನೇ ತಿದ್ದಬೇಕಾಯಿತು.

ಏಳು ದಿನದ ಪವಾಡ

ಇಂಥ ನೋಡುಗರ ಮುಂದೆ ಕಿರುತೆರೆ ತನ್ನ ಗ್ಯಾರೇಜನ್ನು ತೆರೆಯಿತು. 2004ರಲ್ಲಿ ಟಿಎಲ್‌ಸಿ ವಾಹಿನಿಯಲ್ಲಿ ಆರಂಭವಾದ 'ಓವರ್‌ಹಾಲಿನ್' ಇದರಲ್ಲಿ ಹೆಸರಾಂತದ್ದು. ಮನೆಯವರೊಂದಿಗೆ ಸೇರಿ ಮಾಲೀಕನಿಗೆ ಸುಳ್ಳು ಹೇಳಿ ಅವನ ಹಳೆಯ ಕಾರನ್ನು ಒಯ್ಯುವುದು, ಹಗಲಿರುಳು ದುಡಿದು ಒಂದೇ ವಾರದಲ್ಲಿ ಹೊಸದಾಗಿಸಿ ಬೆರಗುಗೊಳಿಸುವುದು ಅದರ ಕಟ್ಟು. ವಿನ್ಯಾಸಕಾರ ಚಿಪ್ ಫೂಸ್ ಇದರಿಂದ ಮನೆಮಾತಾದರು. ಅಭಿಮಾನಿಗಳು ಕೂಡಲೇ ಎರಡು ಪಕ್ಷವಾದರು. ಫೂಸ್ ಕೈಯಲ್ಲಿ ಕಾರು ಹಿಂದೆಂದೂ ಇರದಷ್ಟು ಸುಂದರವಾಗುತ್ತದೆ ಎಂದು ಒಂದು ಪಕ್ಷ. ಹೊಸ ಎಂಜಿನ್, ಹೊಸ ಚಕ್ರ, ಹೊಸ ಬಣ್ಣ ಕೊಟ್ಟ ಮೇಲೆ ಹಳೆಯ ಕಾರು ಉಳಿದದ್ದೆಲ್ಲಿ ಎಂದು ಇನ್ನೊಂದು ಪಕ್ಷ. ಹಳೆಯ ಮೈಗೆ ಹೊಸ ಯಂತ್ರ ಕೂಡಿಸುವ ಈ ಕ್ರಮಕ್ಕೆ ಅವರಲ್ಲಿ 'ರೆಸ್ಟೊಮಾಡ್' ಎಂಬ ಹೆಸರೇ ಬಂದಿದೆ.

2012ರಲ್ಲಿ ಬಂದ 'ಗ್ರೇವ್‌ಯಾರ್ಡ್ ಕಾರ್ಜ್' ಇದಕ್ಕೆ ತದ್ವಿರುದ್ಧ. ಆರೆಗಾನ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಗ್ಯಾರೇಜೊಂದರಲ್ಲಿ ನಡೆಯುವ ಇದರ ವ್ರತ, ಕ್ರೈಸ್ಲರ್ ಬಳಗದ ಕಾರುಗಳನ್ನು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಮರಳಿಸುವುದು.

ತಕರಾರಿನ ಮೂಲ ಸಮಯದಲ್ಲಿದೆ. ಇಂಥ ಕಾರನ್ನು ಪೂರ್ತಿ ಬಿಚ್ಚಿ, ತುಕ್ಕು ಹಿಡಿದ ತಗಡು ಕತ್ತರಿಸಿ, ಹೊಸ ತಗಡು ಬೆಸೆದು, ಬಣ್ಣದ ಪದರ ಪದರ ಒಣಗಿಸಿ, ತೀಡಿ ಜೋಡಿಸಲು ಸಾವಿರ ಗಂಟೆಗೂ ಮೀರಿದ ದುಡಿಮೆ ಬೇಕಾಗುವುದುಂಟು. ಮಸ್ಟಾಂಗ್, ಕುಡಾದಂಥ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಮೈಯೇ ಅಸ್ಥಿಪಂಜರ. ತಳ ಕೊಳೆತರೆ ಇಡೀ ಕಾರು ಸೊಟ್ಟಗಾಗುವ ಭಯ. ಅಲ್ಲಿ ಬೆಸುಗೆಯ ಬದಲು ಪುಟ್ಟಿ ಮೆತ್ತಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ನಾಳೆ ರಸ್ತೆಯಲ್ಲಿ ಓಡಿಸುವವನಿಗೆ ಕಾಣುತ್ತದೆ. ಟಿಂಕರಿಂಗ್ ಬಲ್ಲ ನೋಡುಗರು ಹೊಳಪನ್ನು ಬಿಟ್ಟು ತಳವನ್ನು ತೋರಿಸಿ ಎನ್ನುವುದು ಇದಕ್ಕೇ.

ಪಾನಾ ಹಿಡಿದ ಕೈ

ಈ ಬೇಡಿಕೆ ಎಷ್ಟು ಗಾಢವಾದದ್ದು ಎಂಬುದು 2017ರಲ್ಲಿ ಬಯಲಾಯಿತು. ಬ್ರಿಟನ್ನಿನಲ್ಲಿ 2003ರಲ್ಲಿ ಶುರುವಾಗಿ, ಮುಂದೆ ಕ್ಯಾಲಿಫೋರ್ನಿಯಕ್ಕೂ ಹೋದ 'ವೀಲರ್ ಡೀಲರ್ಸ್' ಕಾರ್ಯಕ್ರಮದಲ್ಲಿ ಮೈಕ್ ಬ್ರೂವರ್ ಹಳೆಯ ಕಾರು ಕೊಂಡು ತರುತ್ತಿದ್ದರು. ನೀಳಕಾಯದ ಮೆಕ್ಯಾನಿಕ್ ಎಡ್ ಚೈನಾ ಅದನ್ನು ರಿಪೇರಿ ಮಾಡುತ್ತಿದ್ದರು. ಯಾವ ಬೋಲ್ಟು ಮೊದಲು ಬಿಚ್ಚಬೇಕು, ಬೇರಿಂಗ್ ಏಕೆ ಸವೆಯುತ್ತದೆ ಎಂದು ಚೈನಾ ಸಾವಧಾನವಾಗಿ ತೋರಿಸುತ್ತಿದ್ದ ಭಾಗವೇ ಹಲವರಿಗೆ ಕಾರ್ಯಕ್ರಮದ ಜೀವ. ಆ ವರ್ಷದ ಮಾರ್ಚ್‌ನಲ್ಲಿ ಚೈನಾ ತಾವು ಹೊರನಡೆಯುತ್ತಿರುವುದಾಗಿ ಪ್ರಕಟಿಸಿದರು. ಚಿತ್ರೀಕರಿಸಲು ಕಷ್ಟವೆಂಬ ಕಾರಣಕ್ಕೆ ಗ್ಯಾರೇಜಿನ ವಿವರಗಳನ್ನು ಕಡಿಮೆ ಮಾಡಲು ವಾಹಿನಿ ಬಯಸಿದೆ, ಅದಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂಬುದು ಅವರ ಮಾತಿನ ಸಾರ.

ಅಭಿಮಾನಿಗಳು ಸಿಡಿದೆದ್ದರು. ಕೋಪ ಮಿತಿಮೀರಿ, ಜೊತೆಗಾರ ಬ್ರೂವರ್ ಮೇಲೂ ಬೈಗುಳ ಸುರಿಯಿತು. ಕಾರ್ಯಕ್ರಮ ಬೇರೆ ಮೆಕ್ಯಾನಿಕ್‌ಗಳೊಂದಿಗೆ ಮುಂದುವರಿಯಿತು. ಬೈಗುಳ ಖಂಡಿತ ತಪ್ಪು. ಆದರೆ ಅಸಮಾಧಾನದ ಹಿಂದಿನ ಕಾರಣ ಗಮನಾರ್ಹ. ಜನ ಕೇಳಿದ್ದು ಇನ್ನಷ್ಟು ರಂಜನೆಯನ್ನಲ್ಲ, ಇನ್ನಷ್ಟು ಕೆಲಸವನ್ನು. ಪಾನಾ ಹಿಡಿದ ಕೈಯನ್ನು ನೋಡಿ ಕಲಿಯುವ ಅವಕಾಶ ಕೈತಪ್ಪಿತೆಂಬುದು ಅವರ ನೋವು.

ಹೊಸದಕ್ಕಿಂತ ಹೊಸದು

ಕೆಲಸ ಪ್ರಾಮಾಣಿಕವಾಗಿಯೇ ನಡೆದರೂ ಇನ್ನೊಂದು ತೊಡಕಿದೆ. ಆ ಕಾಲದ ಕಾರುಗಳು ಭಾರಿ ನಯವಾಗಿ ಹುಟ್ಟಿದವಲ್ಲ. ಬಣ್ಣ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುತ್ತಿತ್ತು. ಬಾಗಿಲಿನ ಸಂದು ಒಂದೆಡೆ ಅಗಲ, ಒಂದೆಡೆ ಕಿರಿದು. ತಳದಲ್ಲಿ ಸಿಡಿದ ಬಣ್ಣ, ತಪಾಸಣೆ ಮಾಡಿದವರು ಬಳಪದಲ್ಲಿ ಗೀಚಿದ ಗುರುತು. ಈಗಿನ ಕುಶಲಕರ್ಮಿ ಇವನ್ನೆಲ್ಲ ತಿದ್ದಿ ಕನ್ನಡಿಯಂತೆ ಮಾಡಿದರೆ ಕಾರು ತಾನು ಎಂದೂ ಆಗಿರದ ರೂಪ ತಾಳುತ್ತದೆ. ಆದ್ದರಿಂದ ಕಟ್ಟುನಿಟ್ಟಿನ ಪರಿಣತರು ಆ ತರಿಯನ್ನೂ, ಬಳಪದ ಗೀಚನ್ನೂ ಮತ್ತೆ ಮೂಡಿಸುತ್ತಾರೆ. ಕಾರ್ಖಾನೆಯ ಅವಸರವನ್ನು ತಾಳ್ಮೆಯಿಂದ ಅನುಕರಿಸುವ ವಿಚಿತ್ರ ಕಸುಬು ಇದು!

ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದವರು, ಕೈಯನ್ನೇ ಹಚ್ಚಬೇಡಿ ಎನ್ನುತ್ತಾರೆ. ಮೊದಲ ಬಣ್ಣ, ಮೊದಲ ಸೀಟು ಉಳಿಸಿಕೊಂಡ ಕಾರು ಅವರ ಭಾಷೆಯಲ್ಲಿ 'ಸರ್ವೈವರ್', ಅಂದರೆ ಬದುಕುಳಿದದ್ದು. ಕಾರಿಗೆ ಎಷ್ಟು ಸಲ ಬೇಕಾದರೂ ಬಣ್ಣ ಬಳಿಯಬಹುದು, ಮೂಲ ಬಣ್ಣ ಮಾತ್ರ ಒಂದೇ ಸಲ ಎಂಬುದು ಅವರ ವಾದ. ಅದು ಹೋದರೆ ಆ ಕಾಲದಲ್ಲಿ ಬಣ್ಣ ಹೇಗೆ ಬಳಿಯುತ್ತಿದ್ದರು ಎಂಬ ಸಾಕ್ಷ್ಯವೂ ಹೋಗುತ್ತದೆ.

ಈ ವಾದಕ್ಕೆ ಬಲ ತಂದದ್ದು 1968ರ 'ಬುಲಿಟ್' ಚಿತ್ರದ ಹಸಿರು ಮಸ್ಟಾಂಗ್. ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ನಟ ಸ್ಟೀವ್ ಮ್ಯಾಕ್ವೀನ್ ಓಡಿಸಿದ ಆ ಕಾರನ್ನು 1974ರಲ್ಲಿ ನ್ಯೂಜೆರ್ಸಿಯ ಕುಟುಂಬವೊಂದು ಸುಮಾರು 6,000 ಡಾಲರಿಗೆ ಕೊಂಡಿತು. ಮನೆಯಾಕೆ ಅದರಲ್ಲೇ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದರು. 1977ರಲ್ಲಿ ಮ್ಯಾಕ್ವೀನ್ ಸ್ವತಃ ಪತ್ರ ಬರೆದು ಕೇಳಿದರೂ ಅವರು ಮಾರಲಿಲ್ಲ. 1980ರಲ್ಲಿ ಕ್ಲಚ್ ಕೆಟ್ಟು ಕಾರು ಮೂಲೆ ಸೇರಿತು. 2018ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ ಯಂತ್ರವನ್ನು ಓಡುವಂತೆ ಮಾಡಿದ್ದರೇ ಹೊರತು ಮೈಯನ್ನು ಮುಟ್ಟಿರಲಿಲ್ಲ. ಡೆಂಟುಗಳು, ಮಾಸಿದ ಬಣ್ಣ, ಚಿತ್ರೀಕರಣಕ್ಕೆ ಕ್ಯಾಮೆರಾ ಬಿಗಿಯಲು ಬೆಸೆದ ಕಬ್ಬಿಣ ಎಲ್ಲ ಹಾಗೆಯೇ ಇದ್ದವು. 2020ರ ಜನವರಿಯಲ್ಲಿ ಫ್ಲಾರಿಡದ ಹರಾಜಿನಲ್ಲಿ ಅದು 34 ಲಕ್ಷ ಡಾಲರಿಗೆ ಹೋಯಿತು. ಶುಲ್ಕ ಸೇರಿ 37.4 ಲಕ್ಷ.

ಅದೇ ಚಿತ್ರದ ಎರಡನೆಯ ಮಸ್ಟಾಂಗ್‌ನ ಕಥೆ ಎಚ್ಚರಿಕೆಯ ಮಾತಿನಂತಿದೆ. ಮೆಕ್ಸಿಕೊದಲ್ಲಿ ಗುಜರಿಯ ಸ್ಥಿತಿಯಲ್ಲಿ ಸಿಕ್ಕ ಅದನ್ನು ಕೊಂಡವರು, ಬೇರೊಂದು ಚಿತ್ರದ ಪ್ರಸಿದ್ಧ ಮಸ್ಟಾಂಗ್‌ನ ನಕಲಾಗಿಸಲು ಹೊರಟಿದ್ದರು. ಗುರುತಿನ ಸಂಖ್ಯೆಯನ್ನು ಹುಡುಕಿ ನೋಡಿದ್ದರಿಂದ ಮಾತ್ರ ಅದು ಉಳಿಯಿತು. 2017ರಲ್ಲಿ ಫೋರ್ಡ್ ದಾಖಲೆಗಳ ಪರಿಣತರು ಅದರ ನಿಜವನ್ನು ದೃಢಪಡಿಸಿದರು. ಅಸಲಿಯೊಂದು ನಕಲಿಯಾಗುವುದು ಕೂದಲೆಳೆಯಲ್ಲಿ ತಪ್ಪಿತ್ತು.

ಯಾವ ದಿನಕ್ಕೆ ಮರಳಿಸುವುದು?

ಹಾಗೆಂದು ಮುಟ್ಟದಿರುವುದೇ ಎಲ್ಲಕ್ಕೂ ಉತ್ತರವಲ್ಲ. 1979ರಿಂದ 1985ರವರೆಗೆ ಸಿಬಿಎಸ್ ವಾಹಿನಿಯಲ್ಲಿ ನಡೆದ 'ಡ್ಯೂಕ್ಸ್ ಆಫ್ ಹ್ಯಾಜರ್ಡ್' ಧಾರಾವಾಹಿಯಲ್ಲಿ 1969ರ ಮಾದರಿಯ ಕಿತ್ತಳೆ ಬಣ್ಣದ ಡಾಡ್ಜ್ ಚಾರ್ಜರ್ 'ಜನರಲ್ ಲೀ' ಎಂಬ ಹೆಸರಿನಿಂದ ಗಾಳಿಯಲ್ಲಿ ಹಾರುತ್ತಿತ್ತು. ಇಳಿದಾಗ ನಜ್ಜುಗುಜ್ಜಾಗುತ್ತಿತ್ತು. ಹೀಗೆ ಬಳಕೆಯಾದ ಕಾರುಗಳು ಸುಮಾರು ಮುನ್ನೂರು. ಅವುಗಳಲ್ಲಿ ಮೊದಲು ಹಾರಿದ ಕಾರು ಜಾರ್ಜಿಯ ರಾಜ್ಯದ ಗುಜರಿಯೊಂದರಲ್ಲಿ ದಶಕಗಳ ನಂತರ ಸಿಕ್ಕಿತು. ಅದನ್ನು ಸರಿಪಡಿಸಿದರು. 2012ರಲ್ಲಿ ಗಾಲ್ಫ್ ಆಟಗಾರ ಬಬ್ಬಾ ವಾಟ್ಸನ್ 1,10,000 ಡಾಲರಿಗೆ ಕೊಂಡರು.

ಆದರೆ ಈ ಕಾರನ್ನು ಯಾವ ದಿನಕ್ಕೆ ಮರಳಿಸಬೇಕು? ಕಾರ್ಖಾನೆಯ ದಿನಕ್ಕೆ ಎಂದರೆ ಅಂದು ಅದರ ಮೇಲೆ 01 ಎಂಬ ಅಂಕಿ ಇರಲಿಲ್ಲ. ಹಾರಿದ ದಿನದ ಬೆಳಿಗ್ಗೆಗೆ ಎಂದರೆ ಅದು ಇತಿಹಾಸಕ್ಕೆ ಸೇರಿದ್ದೇ ಜಜ್ಜಿಹೋದ್ದರಿಂದ. ಸಾಲದ್ದಕ್ಕೆ ಅದರ ಮಾಡಿನ ಮೇಲಿದ್ದದ್ದು, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ. 2015ರಲ್ಲಿ ಚಾರ್ಲ್‌ಸ್ಟನ್‌ನ ಚರ್ಚಿನಲ್ಲಿ ಒಂಬತ್ತು ಮಂದಿ ಕರಿಯರ ಹತ್ಯೆಯಾದ ಮೇಲೆ, ಆ ಬಾವುಟ ಅಳಿಸಿ ಅಮೆರಿಕದ ಧ್ವಜ ಬರೆಸುವುದಾಗಿ ವಾಟ್ಸನ್ ಸಾರಿದರು. ಇತಿಹಾಸಕ್ಕೆ ಕೈಹಾಕಬೇಡಿ ಎಂದು ಕೆಲವರು, ಕಾರು ಅವರದು, ಮಾಡಿದ್ದು ಸರಿ ಎಂದು ಕೆಲವರು ವಾದಿಸಿದರು. ನಟ್ಟು ಬೋಲ್ಟಿನ ಚರ್ಚೆ ದೇಶದ ಗಾಯವನ್ನೇ ಮುಟ್ಟಿತ್ತು.

ಜೀರ್ಣೋದ್ಧಾರ ಎಂಬ ನಮ್ಮ ಮಾತಿನಲ್ಲಿ ಜೀರ್ಣವಾದದ್ದನ್ನು ಮೇಲೆತ್ತುವ ಅರ್ಥವಿದೆ. ಮೇಲೆತ್ತುವವನು ಪ್ರತಿ ಹೆಜ್ಜೆಯಲ್ಲೂ ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಹೊಸ ಬಣ್ಣಕ್ಕೆ ಹಳೆಯ ಬಣ್ಣ, ಗಟ್ಟಿ ತಗಡಿಗೆ ಮೂಲ ತಗಡು, ಸುರಕ್ಷಿತ ಬ್ರೇಕಿಗೆ ಅಂದಿನ ಬ್ರೇಕು. ಮುಕ್ಕಾಲು ಗಂಟೆಯ ಕಾರ್ಯಕ್ರಮ ಗಳಿಸಿದ್ದನ್ನಷ್ಟೇ ತೋರಿಸುತ್ತದೆ. ಕಳೆದುಕೊಂಡದ್ದರ ಲೆಕ್ಕ ಇಡುವವರು ಆ ಜಗಳಗಂಟ ಅಭಿಮಾನಿಗಳು. ತಳ ತೋರಿಸಿ ಎಂದು ಅವರು ಕೇಳುತ್ತಿರುವವರೆಗೆ ಪುಟ್ಟಿಗೂ ಬೆಸುಗೆಗೂ ಇರುವ ವ್ಯತ್ಯಾಸ ಜನರಿಗೆ ನೆನಪಿರುತ್ತದೆ.