‘ವೆಂಟ್’ ಎಲ್ಲಿ, ‘ಗಾನ್’ ಎಲ್ಲಿ?

ಪ್ಲೇಸ್‌ಮೆಂಟ್ ಹತ್ತಿರ ಬಂತು. ಕೋಡಿಂಗ್ ರೌಂಡ್ ದಾಟಿದ ಮೇಲೂ ಎಚ್‌ಆರ್ ಮುಂದೆ ಕೂತು ‘ಐ ಡಿಡ್ ನಾಟ್ ವೆಂಟ್’ ಅಂದುಬಿಡ್ತೇವೆ, ನಾಲಿಗೆ ಕಚ್ಚಿಕೊಳ್ತೇವೆ. ಆಮೇಲೆ ಗೊತ್ತಿದ್ದ ಉತ್ತರವೂ ಬಾಯಿಗೆ ಬರೋದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ್ದೇ ತಪ್ಪಾಯ್ತಾ ಅನ್ನಿಸುತ್ತೆ. ಆದರೆ ಈ ತಪ್ಪನ್ನು ತಿದ್ದುವ ಸೂತ್ರ ಕನ್ನಡದಲ್ಲೇ ಇದೆ.

‘ಗೋ’ಗೆ ಮೂರು ರೂಪ: ಗೋ, ವೆಂಟ್, ಗಾನ್. ‘ವೆಂಟ್’ ಅಸಲಿಗೆ ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಭೂತಕಾಲ, ‘ಸೆಂಡ್–ಸೆಂಟ್’ ಇದ್ದ ಹಾಗೆ. ‘ಗೋ’ದ ಹಳೆಯ ಭೂತರೂಪ ಬಿದ್ದುಹೋಗಿ ಆ ಜಾಗದಲ್ಲಿ ಇದು ಬಂದು ಕೂತಿತು. ನಮ್ಮಲ್ಲೂ ‘ಮಾಡು–ಮಾಡಿದೆ’ ಇದ್ದಂತೆ ‘ಬರು–ಬರಿದೆ’ ಇಲ್ಲ, ‘ಬಂದೆ’ ಇದೆ. ಅದನ್ನು ಯಾರೂ ಬಾಯಿಪಾಠ ಮಾಡಿಸಲಿಲ್ಲ. ಕೇಳಿ ಕೇಳಿ ಬಂತು.

ಈಗ ಉಚ್ಚಿಲದ ಬಸ್ ಹತ್ತೋಣ.

‘ಉಚ್ಚಿಲ ದಸರಾಕ್ಕೆ ಹೋದೆ’: ಐ ವೆಂಟ್.

‘ಹೋಗಲಿಲ್ಲ’: ಐ ಡಿಡ್ ನಾಟ್ ಗೋ. ಗಮನಿಸಿ, ನಾವು ‘ಹೋದಲಿಲ್ಲ’ ಅನ್ನೋದಿಲ್ಲ. ಭೂತಕಾಲವನ್ನು ‘ಲಿಲ್ಲ’ ಹೊರುತ್ತದೆ, ‘ಹೋಗು’ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಹೊರೆ ‘ಡಿಡ್’ನದು. ಪ್ರಶ್ನೆಯಲ್ಲೂ ಅಷ್ಟೇ: ಡಿಡ್ ಯು ಗೋ?

‘ಅವನು ಹೋಗಿದ್ದಾನೆ’: ಹಿ ಹ್ಯಾಸ್ ಗಾನ್. ‘ಇದ್ದಾನೆ’ ಜೊತೆ ‘ಹೋಗಿ’ ಬರುವಂತೆ ಹ್ಯಾಸ್, ಹ್ಯಾವ್, ಹ್ಯಾಡ್ ಜೊತೆ ‘ಗಾನ್’ ಮಾತ್ರ. ತುಳು ಬಲ್ಲವರಿಗೆ ಇದು ಇನ್ನೂ ಸುಲಭ: ‘ಪೋಯೆ’ ಅಂದರೆ ವೆಂಟ್, ‘ಪೋತೆ’ ಅಂದರೆ ಹ್ಯಾಸ್ ಗಾನ್. ಆದರೆ ಹೋದವನು ಅಲ್ಲೇ ಇದ್ದರೆ ಮಾತ್ರ ‘ಹ್ಯಾಸ್ ಗಾನ್’. ಹೋಗಿ ವಾಪಸ್ ಬಂದವರು ಹೇಳಬೇಕಾದ್ದು ‘ಐ ಹ್ಯಾವ್ ಬೀನ್ ಟು ಉಚ್ಚಿಲ’.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತೆ. ‘ನಿನ್ನೆ ಉಚ್ಚಿಲಕ್ಕೆ ಹೋಗಿದ್ದೆ’ ಅನ್ನೋದು ನಮ್ಮ ರೂಢಿ. ಅದನ್ನೇ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್’ ಅಂತ ಇಳಿಸಿಬಿಡ್ತೇವೆ. ನಿನ್ನೆ, ಕಳೆದ ವರ್ಷ, 2023ರಲ್ಲಿ ಎಂದು ಸಮಯ ಹೇಳಿದರೆ ಬರೀ ‘ವೆಂಟ್’ ಸಾಕು. ‘ಹ್ಯಾಡ್ ಗಾನ್’ ಬೇಕಾಗೋದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲಿನದಕ್ಕೆ. ನಾವು ಉಚ್ಚಿಲದ ಸ್ಟಾಪಿಗೆ ಓಡಿ ಬರುವಷ್ಟರಲ್ಲಿ ಬಸ್ ಹೋಗಿತ್ತು: ದ ಬಸ್ ಹ್ಯಾಡ್ ಗಾನ್.

ಬೇರೆ ಕ್ರಿಯಾಪದಗಳಿಗೂ ಇದೇ ದಾರಿ: ಬರೆದೆ, ರೋಟ್, ಬರೆಯಲಿಲ್ಲ, ಡಿಡ್ ನಾಟ್ ರೈಟ್, ಬರೆದಿದ್ದೇನೆ, ಹ್ಯಾವ್ ರಿಟನ್. ಇವತ್ತು ರಾತ್ರಿ ರೂಮ್‌ಮೇಟ್ ಜೊತೆ ‘ನಿನ್ನೆ ಏನು ಮಾಡಿದೆ, ಏನು ಮಾಡಲಿಲ್ಲ’ ಅಂತ ಐದೈದು ವಾಕ್ಯ ಜೋರಾಗಿ ಹೇಳಿ ನೋಡೋಣ. ತಪ್ಪಿದರೆ ತಿದ್ದೋಣ, ನಗೋದು ಬೇಡ. ನಕ್ಕರೆ ಅವನು ನಾಳೆ ಬಾಯಿ ಬಿಡೋದಿಲ್ಲ. ಬಾಯಿ ಬಿಡದೆ ಯಾವ ಭಾಷೆಯೂ ಬರೋದಿಲ್ಲ.